ಬೆಳೆಯಿಲ್ಲದ ಕಣಿವೆಯ ತುಂಬಿದ ತಟ್ಟೆ

ಹಜ್ ಯಾತ್ರೆ ಮುಗಿಸಿ ಬಂದವರ ಮನೆಗೆ ಹೋದವರಿಗೆ ಎರಡು ವಸ್ತುಗಳು ತಪ್ಪದೆ ಸಿಗುತ್ತವೆ. ಒಂದು, ಪುಟ್ಟ ಲೋಟದಲ್ಲಿ ಒಂದು ಗುಟುಕು ಜಮ್‌ಜಮ್ ನೀರು. ಇನ್ನೊಂದು, ಅಂಗೈಗೆ ಇಡುವ ಖರ್ಜೂರ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಇವು ನೆರೆಯ ಹಿಂದೂ ಮನೆಗಳಿಗೂ ತಲುಪುತ್ತವೆ. ಹಿರಿಯರು ಅದನ್ನು ಪ್ರಸಾದದ ಹಾಗೆಯೇ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವುದುಂಟು.

ನೀರು ಮೆಕ್ಕಾದ್ದು, ಖರ್ಜೂರ ಹೆಚ್ಚಾಗಿ ಮದೀನಾದ್ದು. ಹೀಗೆ ಎರಡು ಊರುಗಳಿಂದ ಬರುವುದಕ್ಕೆ ಕಾರಣವಿದೆ. ಮೆಕ್ಕಾದ ಮಣ್ಣಿನಲ್ಲಿ ಹೇಳಿಕೊಳ್ಳುವಂಥ ಬೆಳೆ ಏನೂ ಇಲ್ಲ. ಬೋಳು ಬೆಟ್ಟಗಳ ನಡುವಿನ ಕಲ್ಲುಕಣಿವೆ ಅದು. ಪ್ರವಾದಿ ಇಬ್ರಾಹೀಮರು ತಮ್ಮ ಸಂತತಿಯನ್ನು ಬೆಳೆಯಿಲ್ಲದ ಕಣಿವೆಯಲ್ಲಿ ನೆಲೆಗೊಳಿಸಿ, ಜನರ ಮನಸ್ಸು ಅವರ ಕಡೆಗೆ ಒಲಿಯಲಿ, ಅವರಿಗೆ ಹಣ್ಣುಹಂಪಲು ದೊರೆಯಲಿ ಎಂದು ಪ್ರಾರ್ಥಿಸಿದರೆಂದು ಕುರ್‌ಆನ್ ಹೇಳುತ್ತದೆ. ತಾನೇ ಏನನ್ನೂ ಬೆಳೆಯದ ಊರೊಂದು ಸಾವಿರಾರು ವರ್ಷ ಲೋಕದ ಅತಿಥಿಗಳಿಗೆ ಉಣಬಡಿಸುತ್ತ ಬಂದದ್ದು ಹೇಗೆ? ಯಾತ್ರೆಗೆ ಹೋದವರು ಪ್ರಾರ್ಥನೆಯ ಬಿಡುವಿನಲ್ಲಿ ಅಲ್ಲಿನ ಬೀದಿಗಳಲ್ಲಿ ಒಂದು ಸುತ್ತು ಹಾಕಿದರೆ ಈ ಪ್ರಶ್ನೆಗೆ ಉತ್ತರ ತಟ್ಟೆಯಲ್ಲೇ ಸಿಗುತ್ತದೆ.

ದಿನಗಳ ಹೆಸರಿನಲ್ಲಿ ನೀರು, ಮಾಂಸ

ಹಜ್ಜಿನ ವಿಧಿಗಳು ನಡೆಯುವ ದಿನಗಳ ಹೆಸರುಗಳನ್ನೇ ನೋಡಿ. ದುಲ್‌ಹಜ್ ತಿಂಗಳ ಎಂಟನೆಯ ದಿನಕ್ಕೆ ‘ತರ್ವಿಯಾ’ ಎಂದು ಹೆಸರು. ದಾಹ ತಣಿಸಿಕೊಳ್ಳುವ, ನೀರು ತುಂಬಿಕೊಳ್ಳುವ ದಿನ ಎಂದು ಅದರ ಅರ್ಥ. ಮುಂದೆ ಹೋಗಬೇಕಾದ ಮಿನಾ, ಅರಫಾತ್ ಬಯಲುಗಳಲ್ಲಿ ಹಿಂದಿನ ಕಾಲಕ್ಕೆ ನೀರಿರಲಿಲ್ಲ. ಆದ್ದರಿಂದ ಯಾತ್ರಿಕರು ಆ ದಿನ ಒಂಟೆಗಳಿಗೆ ಕುಡಿಸಿ, ತೊಗಲಚೀಲಗಳನ್ನು ತುಂಬಿಕೊಂಡು ಹೊರಡುತ್ತಿದ್ದರು. ಬಲಿಯ ದಿನದ ನಂತರದ ಮೂರು ದಿನಗಳಿಗೆ ‘ತಶ್ರೀಕ್’ ಎಂಬ ಹೆಸರಿದೆ. ಬಲಿಯ ಮಾಂಸವನ್ನು ಸೀಳಿ ಬಿಸಿಲಿಗೆ ಒಣಹಾಕುತ್ತಿದ್ದುದರಿಂದ ಈ ಹೆಸರು ಬಂತೆಂದು ಅರಬಿ ವಿದ್ವಾಂಸರು ವಿವರಿಸುತ್ತಾರೆ. ಒಣಗಿಸಿದ ಮಾಂಸವೇ ಹಿಂದಿರುಗುವ ದಾರಿಯ ಬುತ್ತಿ. 1983ರಿಂದ ಈ ಮಾಂಸವನ್ನು ಶೈತ್ಯಾಗಾರಗಳಲ್ಲಿಟ್ಟು ಬಡ ದೇಶಗಳಿಗೆ ಕಳುಹಿಸುವ ಏರ್ಪಾಟು ನಡೆದಿದೆ. ಕೆಲಸ ಬದಲಾಯಿತು, ಹೆಸರು ಉಳಿಯಿತು.

ನೀರಿನ ಕಥೆಯಲ್ಲಿ ಇಬ್ಬರು ಹೆಂಗಸರು ಬರುತ್ತಾರೆ. ಮೊದಲನೆಯವರು ಹಾಜಿರಾ. ಬಾಯಾರಿದ ಮಗುವಿಗಾಗಿ ಸಫಾ, ಮರ್ವಾ ದಿಬ್ಬಗಳ ನಡುವೆ ಏಳು ಸಲ ಓಡಿದ ಆ ತಾಯಿಯ ಹೆಜ್ಜೆಯಲ್ಲೇ ಇಂದಿಗೂ ಪ್ರತಿಯೊಬ್ಬ ಯಾತ್ರಿಕ ನಡೆಯುತ್ತಾನೆ. ಜಮ್‌ಜಮ್ ಚಿಮ್ಮಿದ್ದು ಆಗಲೇ ಎಂಬುದು ನಂಬಿಕೆ. ಎರಡನೆಯವರು ಬಾಗ್ದಾದಿನ ಖಲೀಫ ಹಾರೂನ್ ಅಲ್ ರಶೀದನ ಪತ್ನಿ ಜುಬೈದಾ. ಸುಮಾರು 1,200 ವರ್ಷಗಳ ಹಿಂದೆ ಈಕೆ ದೂರದ ಬೆಟ್ಟದೂಟೆಗಳಿಂದ ಮೆಕ್ಕಾದ ಕಡೆಗೆ ಕಲ್ಲಿನ ಕಾಲುವೆ ಕಟ್ಟಿಸಿದಳು. ಇರಾಕಿನ ಕೂಫಾದಿಂದ ಮೆಕ್ಕಾದವರೆಗಿನ 1,400 ಕಿ.ಮೀ.ಗೂ ಮಿಕ್ಕ ಮರಳುದಾರಿಯಲ್ಲಿ ಬಾವಿ, ಕೊಳ, ತಂಗುದಾಣಗಳ ಸಾಲು ಬೆಳೆದದ್ದೂ ಅವಳ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಆ ದಾರಿಯನ್ನು ಇಂದಿಗೂ ‘ದರ್ಬ್ ಜುಬೈದಾ’ ಎಂದೇ ಕರೆಯುತ್ತಾರೆ. ಅರಫಾತ್ ಬಳಿ ಬೆಟ್ಟದ ಬದಿಯಲ್ಲಿ ಹಳೆಯ ಕಾಲುವೆಯ ತುಂಡುಗಳು ಕಾಣುತ್ತವೆ.

ಅನ್ನ ಬಂದ ದಾರಿ

ನೀರಾಯಿತು, ಅನ್ನ? ಸ್ಪೇನಿನ ಗ್ರೆನಡಾದಿಂದ 1183ರಲ್ಲಿ ಹೊರಟ ಇಬ್ನ್ ಜುಬೈರ್ ಎಂಬ ಯಾತ್ರಿಕ ಇದಕ್ಕೆ ಉತ್ತರ ಬರೆದಿಟ್ಟಿದ್ದಾನೆ. ಹಣ್ಣುಗಳೆಂದರೆ ತನ್ನ ನಾಡಿನವೇ ಎಂಬ ಹೆಮ್ಮೆಯಿಂದ ಬಂದ ಅವನು ಮೆಕ್ಕಾದ ಪೇಟೆಯಲ್ಲಿ ಅಂಜೂರ, ದ್ರಾಕ್ಷಿ, ದಾಳಿಂಬೆ, ಕಲ್ಲಂಗಡಿಗಳ ರುಚಿ ನೋಡಿ ಬೆರಗಾದ. ಇವೆಲ್ಲ ಹೆಚ್ಚಾಗಿ ಬರುತ್ತಿದ್ದುದು ಪೂರ್ವಕ್ಕಿರುವ ತಾಯಿಫ್ ಎಂಬ ತಂಪು ಬೆಟ್ಟದೂರಿನಿಂದ. ಯೆಮೆನ್ ಕಡೆಯ ಬೆಟ್ಟದ ಜನ ಗೋಧಿ, ಅವರೆ, ಬೆಣ್ಣೆ, ಜೇನು, ಬಾದಾಮಿ ಹೇರಿಕೊಂಡು ಬರುತ್ತಿದ್ದರು. ಅವರಿಗೆ ನಾಣ್ಯ ಬೇಕಿರಲಿಲ್ಲ, ಬಟ್ಟೆ ಸಾಕಿತ್ತು. ಅವರು ಬಾರದಿದ್ದರೆ ಮೆಕ್ಕಾದವರ ಬದುಕು ಕಷ್ಟ ಎಂದು ಅವನು ಗುರುತಿಸಿದ್ದಾನೆ.

ಇದೇ ಯಾತ್ರಿಕ ಕಹಿಯನ್ನೂ ಮುಚ್ಚಿಟ್ಟಿಲ್ಲ. ಯಾತ್ರಿಕರನ್ನು ತಡೆದು ಸುಂಕ ಸುಲಿಯುತ್ತಿದ್ದ ಅಧಿಕಾರಿಗಳ ಬಗ್ಗೆ ಅವನ ಸಿಟ್ಟು ಪುಟಪುಟದಲ್ಲಿದೆ. ಸುಲ್ತಾನ್ ಸಲಾಹುದ್ದೀನ್ ಆ ಸುಂಕವನ್ನು ರದ್ದು ಮಾಡಿದ. ಬದಲಿಗೆ ಮೆಕ್ಕಾದ ಒಡೆಯನಿಗೆ ಹಣವನ್ನೂ ಧಾನ್ಯವನ್ನೂ ಕಳುಹಿಸುವ ಏರ್ಪಾಡು ಮಾಡಿದ. ಸುಲಿಗೆಯ ಬೇರು ಹಸಿವಿನಲ್ಲಿದೆ ಎಂಬುದು ಆ ಅರಸನಿಗೆ ತಿಳಿದಿತ್ತು.

ಅಲ್ಲಿಂದ ಮುಂದೆ ಈಜಿಪ್ಟಿನ ಗೋಧಿ ಹಿಜಾಜ್ ಪ್ರಾಂತದ ಜೀವನಾಡಿಯಾಯಿತು. ಮದೀನಾದ ಮಸೀದಿ 1481ರಲ್ಲಿ ಬೆಂಕಿಗೆ ಸಿಕ್ಕಾಗ ಅದನ್ನು ಮತ್ತೆ ಕಟ್ಟಿಸಿದ ಕೈರೋದ ಸುಲ್ತಾನ ಕಾಯಿತ್‌ಬೇ, ಅಲ್ಲಿನ ಬಡವರಿಗೆ ಗೋಧಿನುಚ್ಚಿನ ಗಂಜಿ ಹಂಚಲು ದತ್ತಿಯನ್ನೂ ಬಿಟ್ಟ. ಮುಂದೆ ಉಸ್ಮಾನಿ ಸುಲ್ತಾನ ಸುಲೈಮಾನನ ರಾಣಿ ಹುರ್ರೆಮ್ ಎರಡೂ ನಗರಗಳಲ್ಲಿ ಅನ್ನಛತ್ರಗಳಿಗೆ ದತ್ತಿ ನೀಡಿದಳು. ಧರ್ಮಸ್ಥಳ, ಶೃಂಗೇರಿಗಳ ದಾಸೋಹವನ್ನು ಕಂಡ ಕನ್ನಡಿಗರಿಗೆ ಯಾತ್ರಾಸ್ಥಳಕ್ಕೂ ಅನ್ನಕ್ಕೂ ಇರುವ ಈ ನಂಟನ್ನು ಬಿಡಿಸಿ ಹೇಳಬೇಕಿಲ್ಲ.

ಅಕ್ಕಿ ಮಾತ್ರ ಭಾರತದ ಕಡೆಯಿಂದ ಹೋಗುತ್ತಿತ್ತು. 1814ರಲ್ಲಿ ಜೆದ್ದಾ ಬಂದರಿನಲ್ಲಿ ಇಳಿದ ಸ್ವಿಟ್ಜರ್ಲೆಂಡಿನ ಬುರ್ಕ್‌ಹಾರ್ಟ್, ಹಡಗಿನ ತಳಭಾರಕ್ಕೆಂದು ತುಂಬಿ ತರುತ್ತಿದ್ದ ಭಾರತದ ಅಕ್ಕಿಯೇ ಹಿಜಾಜಿನ ಜನರ ಮುಖ್ಯ ಆಹಾರ ಎಂದು ಬರೆದಿದ್ದಾನೆ. ಗುಜರಾತ್, ಕಛ್ ಕಡೆಯ ಅಕ್ಕಿಗೆ ಅಲ್ಲಿ ಮೇಲುಮರ್ಯಾದೆ. ಬೆಳಿಗ್ಗೆ ಎದ್ದೊಡನೆ ಒಂದು ಬಟ್ಟಲು ಕರಗಿಸಿದ ತುಪ್ಪ ಕುಡಿದು, ಅದರ ಮೇಲೆ ಕಾಫಿ ಕುಡಿಯುವುದು ಅಲ್ಲಿನ ರೂಢಿ ಎಂದೂ ಅವನು ಬರೆದಿದ್ದಾನೆ. ಜೆದ್ದಾದ ಮುಖ್ಯ ಬೀದಿಯ ಅಂಗಡಿಗಳನ್ನು ಎಣಿಸಿದ ಅವನಿಗೆ ಕಾಫಿ ಅಂಗಡಿಗಳೇ 27 ಸಿಕ್ಕವು.

ಉಳಿದುಹೋದವರ ಅಡುಗೆ

ಮೆಕ್ಕಾದ ಜನರಲ್ಲಿ ಬಹುತೇಕರು ಹೊರಗಿನಿಂದ ಬಂದವರು ಅಥವಾ ಬಂದವರ ಮಕ್ಕಳು ಎಂದು ಬುರ್ಕ್‌ಹಾರ್ಟ್ ಹೇಳಿದ್ದ. ಯಾತ್ರೆಗೆಂದು ಬಂದು, ವಿದ್ಯೆ ಕಲಿಯಲೆಂದೋ ವ್ಯಾಪಾರಕ್ಕೆಂದೋ, ಪವಿತ್ರ ನೆಲದಲ್ಲೇ ಸಾಯಬೇಕೆಂದೋ ಹಲವರು ಅಲ್ಲೇ ಉಳಿದರು. ಬುಖಾರಿ, ತುರ್ಕಿಸ್ತಾನಿ, ಹಿಂದಿ, ಜಾವಿ ಎಂಬ ಮನೆತನದ ಹೆಸರುಗಳು ಇಂದಿಗೂ ಆ ಗುಟ್ಟನ್ನು ಹೇಳುತ್ತವೆ. ಭಾರತದ ಹಿರಿಯ ವಿದ್ವಾಂಸ ರಹಮತುಲ್ಲಾ ಕೈರಾನವಿ 1857ರ ದಂಗೆಯ ನಂತರ ಬ್ರಿಟಿಷರಿಂದ ತಪ್ಪಿಸಿಕೊಂಡು ಮೆಕ್ಕಾ ಸೇರಿದರು. ಕಲ್ಕತ್ತೆಯ ಸೌಲತುನ್ನಿಸಾ ಬೇಗಂ ಕೊಟ್ಟ ಹಣದಿಂದ 1870ರ ದಶಕದಲ್ಲಿ ಅವರು ಅಲ್ಲಿ ಕಟ್ಟಿದ ಮದರಸಾಕ್ಕೆ ಆ ಹೆಂಗಸಿನ ಹೆಸರನ್ನೇ ಇಟ್ಟು ‘ಸೌಲತಿಯಾ’ ಎಂದು ಕರೆದರು.

ಉಳಿದವರು ತಮ್ಮ ಒಲೆಯನ್ನೂ ತಂದರು. ಇಂದು ಮೆಕ್ಕಾ, ಜೆದ್ದಾಗಳ ಬೀದಿಯಲ್ಲಿ ಅತಿ ಸಾಮಾನ್ಯವಾಗಿ ಸಿಗುವ ‘ರುಜ್ ಬುಖಾರಿ’ ಎಂಬ ಅನ್ನ ಮಧ್ಯ ಏಷ್ಯಾದವರ ಕೊಡುಗೆ. ಕ್ಯಾರೆಟ್ ಬೆರೆತ ಈ ಅನ್ನದ ಮೇಲೆ ಸುಟ್ಟ ಕೋಳಿಯನ್ನಿಟ್ಟು ಕೊಡುತ್ತಾರೆ. ಹಬೆಯಲ್ಲಿ ಬೇಯಿಸಿದ ಮಾಂಸದ ಕಡುಬಿನಂಥ ‘ಮಂತು’ ಕೂಡ ಅದೇ ಕಡೆಯದು. ಬೆಳಗಿನ ಹೊತ್ತು ತಂದೂರಿನಿಂದ ಬಿಸಿಬಿಸಿಯಾಗಿ ಎತ್ತುವ ಅಗಲವಾದ ‘ತಮೀಸ್’ ರೊಟ್ಟಿಯನ್ನು ಅಫ್ಘನ್ನರ ಅಂಗಡಿಗಳಲ್ಲಿ ಕೊಂಡು, ಬೇಯಿಸಿ ಮಸೆದ ಅವರೆಯ ‘ಫೂಲ್’ ಜೊತೆ ತಿನ್ನುವುದು ರೂಢಿ. ಫೂಲ್ ಈಜಿಪ್ಟಿನವರ ನಿತ್ಯದ ಊಟ. ಮೊಟ್ಟೆ, ಈರುಳ್ಳಿ, ಖೀಮಾ ತುಂಬಿ ಮಡಿಚಿ ಹಂಚಿನ ಮೇಲೆ ಬೇಯಿಸುವ ‘ಮುತಬ್ಬಕ್’ ಯೆಮೆನಿಗರ ಅಂಗಡಿಗಳಲ್ಲಿ ಸಿಗುತ್ತದೆ. ಅದೇ ಹೆಸರಿನ ತಿಂಡಿ ಮಲೇಷ್ಯಾ, ಇಂಡೋನೇಷ್ಯಾಗಳಲ್ಲೂ ಇದೆ. ಮಿಠಾಯಿ ಅಂಗಡಿಯಲ್ಲಿ ‘ಲದ್ದು’ ಎಂಬ ಫಲಕ ಕಂಡು ಭಾರತದ ಯಾತ್ರಿಕ ನಗಬಹುದು. ಅದು ನಮ್ಮ ಲಾಡುವೇ.

ಸ್ಥಳೀಯ ಎನ್ನಬಹುದಾದ ತಿನಿಸೂ ಇಲ್ಲದಿಲ್ಲ. ತಾಯಿಫಿನ ‘ಸಲೀಗ್’ ಅಂಥದ್ದು. ಅಕ್ಕಿಯನ್ನು ಮಾಂಸದ ಸಾರಿನಲ್ಲಿ ಬೇಯಿಸಿ, ಹಾಲು ಸುರಿದು ಮುದ್ದೆಯಾಗುವಷ್ಟು ಮೆತ್ತಗೆ ಮಾಡಿ, ಮೇಲೆ ತುಪ್ಪ ಹಾಕಿ ಬಡಿಸುತ್ತಾರೆ. ಖಾರವಿಲ್ಲದ ಈ ಬಿಳಿ ಅನ್ನ ಹಿಜಾಜಿನ ಮದುವೆ ಮನೆಗಳ ಹೆಮ್ಮೆ. ಆದರೆ ಅದರ ಅಕ್ಕಿಯೂ ಹಡಗಿನಲ್ಲಿ ಬಂದದ್ದೇ!

ಹಿಜಾಜಿನ ದಾರಿಯಲ್ಲಿ ಹೊನ್ನಾವರ

ಈ ಕೊಡುಕೊಳೆಯ ಇನ್ನೊಂದು ತುದಿ ಕನ್ನಡ ಕರಾವಳಿಯಲ್ಲಿದೆ. ಮೊರಾಕೋದ ಇಬ್ನ್ ಬತೂತಾ 1325ರಲ್ಲಿ ತನ್ನ 21ನೆಯ ವಯಸ್ಸಿನಲ್ಲಿ ಮನೆ ಬಿಟ್ಟದ್ದು ಹಜ್ಜಿಗಾಗಿ ಮಾತ್ರ. ಮೆಕ್ಕಾದಲ್ಲಿ ಅವನ ಕಣ್ಣಿಗೆ ಬಿದ್ದ ಒಂದು ವಾಡಿಕೆ ಮನಸ್ಸಿಗೆ ನಾಟುವಂಥದ್ದು. ಊರಿನವರು ಸಾರ್ವಜನಿಕ ಒಲೆಯಲ್ಲಿ ರೊಟ್ಟಿ ಸುಡಿಸಿ ಮನೆಗೆ ಒಯ್ಯುವಾಗ ಬಡವರು ಹಿಂದೆ ಬರುತ್ತಿದ್ದರು. ರೊಟ್ಟಿಯ ಒಡೆಯ ಮುಖ ಸಿಂಡರಿಸದೆ ಪಾಲು ಕೊಡುತ್ತಿದ್ದ, ಒಂದೇ ರೊಟ್ಟಿಯಿದ್ದರೂ ಮುರಿದು ಕೊಡುತ್ತಿದ್ದ.

ಹಜ್ಜಿಗೆ ಹೊರಟವನ ಕಾಲು ನಿಲ್ಲಲಿಲ್ಲ. ದೆಹಲಿ ದಾಟಿ 1340ರ ದಶಕದಲ್ಲಿ ಅವನು ಹೊನ್ನಾವರಕ್ಕೆ ಬಂದ. ಅಲ್ಲಿ ಹುಡುಗಿಯರಿಗಾಗಿ 13, ಹುಡುಗರಿಗಾಗಿ 23 ಶಾಲೆಗಳಿದ್ದುದನ್ನು ದಾಖಲಿಸಿದ. ಅಲ್ಲಿನ ಸುಲ್ತಾನನ ಪಂಕ್ತಿಯ ಊಟವನ್ನೂ ಬಿಡದೆ ಬಣ್ಣಿಸಿದ. ತಾಮ್ರದ ತಟ್ಟೆ, ಮೊದಲು ಅನ್ನ, ಅದರ ಮೇಲೆ ತುಪ್ಪ, ಬದಿಗೆ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ನಂತರ ಕೋಳಿ, ಮೀನು, ತರಕಾರಿ, ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದು ತಿಳಿಯಬೇಕು ಎಂದು ಅವನು ವಿವರಿಸುತ್ತಾನೆ. ಸುಮಾರು ಏಳು ಶತಮಾನ ಕಳೆದರೂ ಕನ್ನಡ ನಾಡಿನಲ್ಲಿ ಆ ಕ್ರಮ ತಪ್ಪಿಲ್ಲ. ಅಲ್ಲಿದ್ದ ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡಲಿಲ್ಲವೆಂದು ಆ ಗೋಧಿ ನಾಡಿನವನು ಹೇಳಿಕೊಂಡಿದ್ದಾನೆ.

ಕಾಫಿಯ ಮೇಲೆ ಮೊಕದ್ದಮೆ

ಯಾತ್ರೆಯ ದಾರಿಯಲ್ಲಿ ಸಾಗಿ ಜಗತ್ತನ್ನೇ ಗೆದ್ದ ಪಾನೀಯ ಕಾಫಿ. ಯೆಮೆನಿನ ಸೂಫಿಗಳು ಹದಿನೈದನೆಯ ಶತಮಾನದಲ್ಲಿ ರಾತ್ರಿಯ ಜಪಕ್ಕೆ ನಿದ್ದೆ ಬಾರದಿರಲೆಂದು ಇದನ್ನು ಕುಡಿಯುತ್ತಿದ್ದರು. ಅವರೊಂದಿಗೇ ಅದು ಮೆಕ್ಕಾಕ್ಕೂ ಬಂತು. 1511ರಲ್ಲಿ ಪೇಟೆಯ ಮೇಲ್ವಿಚಾರಕನಾಗಿದ್ದ ಖೈರ್ ಬೇಗ್ ಎಂಬ ಅಧಿಕಾರಿ ಒಂದು ರಾತ್ರಿ ಮಸೀದಿಯ ಬಳಿ ಲಾಂದ್ರ ಹಚ್ಚಿಕೊಂಡು ಗುಂಪಾಗಿ ಏನನ್ನೋ ಕುಡಿಯುತ್ತಿದ್ದವರನ್ನು ಕಂಡ. ಇದು ಮದ್ಯದ ತಮ್ಮನೇ ಇರಬೇಕೆಂದು ಅವನಿಗೆ ಗುಮಾನಿ. ಮರುದಿನವೇ ವಿದ್ವಾಂಸರ ಸಭೆ ಸೇರಿಸಿ ಕಾಫಿಯ ವಿಚಾರಣೆ ನಡೆಸಿದ. ಅದು ಮೈಗೆ ಕೆಡಕು ಎಂದು ವೈದ್ಯರಿಬ್ಬರು ಸಾಕ್ಷಿ ನುಡಿದರು. ಕಾಫಿಗೆ ನಿಷೇಧ ಬಿತ್ತು. ಬೀಜವನ್ನು ಬೀದಿಯಲ್ಲಿ ಸುಟ್ಟರು. ಕುಡಿದವರಿಗೆ ಹೊಡೆತವೂ ಬಿತ್ತು.

ಆದರೆ ಕೈರೋದ ಸುಲ್ತಾನನಿಂದ ಬಂದ ಆದೇಶ ಅಧಿಕಾರಿಯ ನಿರೀಕ್ಷೆಯಂತಿರಲಿಲ್ಲ. ಅಸಭ್ಯವಾಗಿ ಗುಂಪುಗೂಡುವುದನ್ನು ತಡೆಯಬಹುದು, ಕಾಫಿಯನ್ನೇ ನಿಷೇಧಿಸುವಂತಿಲ್ಲ ಎಂಬುದು ಅದರ ಸಾರ. ಮುಂದಿನ ವರ್ಷ ಖೈರ್ ಬೇಗನ ಅಧಿಕಾರವೂ ಹೋಯಿತು. ಈ ಪ್ರಸಂಗವನ್ನೆಲ್ಲ ಅಲ್ ಜಜೀರಿ ಎಂಬ ವಿದ್ವಾಂಸ ಅದೇ ಶತಮಾನದಲ್ಲಿ ಕಾಫಿಯ ಪರವಾಗಿ ಗ್ರಂಥವನ್ನೇ ಬರೆದು ದಾಖಲಿಸಿದ. ಮೆಕ್ಕಾದಲ್ಲಿ ಗೆದ್ದ ಕಾಫಿ, ಊರಿಗೆ ಹಿಂದಿರುಗುವ ಹಾಜಿಗಳ ಗಂಟುಮೂಟೆಯೊಂದಿಗೆ ದೇಶದೇಶಗಳಿಗೆ ಹರಡಿತು.

ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದ ಬಾಬಾ ಬುಡನ್ ಕಥೆ ಇಲ್ಲಿ ಬಂದು ಸೇರುತ್ತದೆ. ಹಜ್ಜಿನಿಂದ ಮರಳುವಾಗ ಯೆಮೆನಿನ ಮೋಕಾ ಬಂದರಿನಿಂದ ಏಳು ಕಾಫಿಬೀಜಗಳನ್ನು ಬಚ್ಚಿಟ್ಟುಕೊಂಡು ತಂದು ಇಲ್ಲಿ ನೆಟ್ಟರೆಂಬುದು ಐತಿಹ್ಯ. ಹದಿನೇಳನೆಯ ಶತಮಾನದ ಸಂಗತಿ ಎನ್ನುತ್ತಾರೆ. ಏಳು ಎಂಬ ಸಂಖ್ಯೆಯಲ್ಲಿ ಕಥೆಯ ಸೊಗಸಿದೆ. ಕಾಬಾದ ಪ್ರದಕ್ಷಿಣೆಯೂ ಏಳು, ಸಫಾ–ಮರ್ವಾ ಓಡಾಟವೂ ಏಳು. ಐತಿಹ್ಯದ ಅಕ್ಷರ ಅಕ್ಷರವೂ ನಿಜವೇ ಎಂದು ವಾದಿಸಬೇಕಿಲ್ಲ. ಮೋಕಾ, ಜೆದ್ದಾ ಬಂದರುಗಳಿಗೂ ಭಾರತದ ಪಶ್ಚಿಮ ಕರಾವಳಿಗೂ ನಡುವೆ ಹಾಜಿಗಳ ಹಡಗು, ವ್ಯಾಪಾರದ ಹಡಗು ಒಂದೇ ಆಗಿದ್ದ ಕಾಲ ಅದು ಎಂಬುದಂತೂ ನಿಜ.

ಹಿಜಾಜಿನ ಮನೆಗಳಲ್ಲಿ ಕೊಡುವ ‘ಕಹ್ವಾ’ ನಮ್ಮ ಕಾಫಿಯಂತಲ್ಲ. ಹಾಲಿಲ್ಲ, ಸಕ್ಕರೆಯಿಲ್ಲ; ತಿಳಿ ಹೊಂಬಣ್ಣ; ಜೊತೆಗೆ ಖರ್ಜೂರ. ಕೊಕ್ಕಿನಂಥ ಮೂತಿಯ ಹೂಜಿಯಿಂದ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಸ್ವಲ್ಪವೇ ಬಗ್ಗಿಸುತ್ತಾರೆ. ಸಾಕು ಎನ್ನಲು ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಬೇಕು, ಇಲ್ಲದಿದ್ದರೆ ಬಗ್ಗಿಸುತ್ತಲೇ ಇರುತ್ತಾರೆ. ಆ ಬಟ್ಟಲಿನಿಂದ ಏಳುವ ಪರಿಮಳ ಏಲಕ್ಕಿಯದು. ಏಲಕ್ಕಿಯ ತವರು ಪಶ್ಚಿಮ ಘಟ್ಟ. ಅರಬರ ಕಾಫಿ ಮಲೆನಾಡಿಗೆ ಬಂತು, ಮಲೆನಾಡಿನ ಏಲಕ್ಕಿ ಅರಬರ ಕಾಫಿಗೆ ಹೋಯಿತು.

ಹವಳದ ಮನೆ, ಬೇವಿನ ನೆರಳು

ಊಟದಿಂದ ಊರಿನ ಕಡೆ ತಿರುಗಿದರೆ ಚಿತ್ರ ಬೇರೆ. ಜೆದ್ದಾದ ಹಳೆಯ ಪೇಟೆ ‘ಅಲ್ ಬಲದ್’ 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೆಂಪು ಸಮುದ್ರದ ಹವಳದ ಕಲ್ಲಿನಿಂದ ಕಟ್ಟಿದ ಎತ್ತರದ ಮನೆಗಳು, ‘ರೋಶನ್’ ಎಂದು ಕರೆಯುವ ಕೆತ್ತನೆಯ ಮರದ ಮುಂಗಟ್ಟು ಕಿಟಕಿಗಳು ಅಲ್ಲಿನ ವೈಶಿಷ್ಟ್ಯ. 1881ರಲ್ಲಿ ಪೂರ್ಣಗೊಂಡ ನಸೀಫ್ ಮನೆತನದ ಮನೆಯೆದುರು ಒಂದು ಬೇವಿನ ಮರವಿದೆ. ಒಂದು ಕಾಲಕ್ಕೆ ಮರವೇ ಅಪರೂಪವಾಗಿದ್ದ ಆ ಊರಿನಲ್ಲಿ ‘ಮರವಿರುವ ಮನೆ’ ಎಂದರೆ ಅಂಚೆಯವನಿಗೂ ಗೊತ್ತಾಗುತ್ತಿತ್ತಂತೆ. ಅರಫಾತಿನ ಬಯಲಿನಲ್ಲೂ ಯಾತ್ರಿಕರ ನೆರಳಿಗಾಗಿ 1980ರ ದಶಕದ ಹೊತ್ತಿಗೆ ಸುಮಾರು 50,000 ಬೇವಿನ ಸಸಿಗಳನ್ನು ನೆಡಲಾಗಿತ್ತು. ಯುಗಾದಿಯಂದು ಬೇವು ತಿನ್ನುವ ನಾಡಿನವರಿಗೆ ಅಷ್ಟು ದೂರದಲ್ಲಿ ಆ ಎಲೆಯನ್ನು ಕಂಡರೆ ಊರಿನ ನೆನಪಾಗದಿರದು.

ಮದೀನಾದಲ್ಲಿ ನೋಡುವುದು ಇನ್ನೂ ಇದೆ. ಮೆಕ್ಕಾದಂತಲ್ಲದೆ ಅದು ನೀರಿರುವ ಊರು, ಖರ್ಜೂರದ ತೋಟಗಳ ಊರು. ಕಪ್ಪು ಬಣ್ಣದ ಮೆತ್ತನೆಯ ‘ಅಜ್ವಾ’ ಖರ್ಜೂರಕ್ಕೆ ಪ್ರವಾದಿಯವರ ಮಾತಿನ ಮನ್ನಣೆ ಇರುವುದರಿಂದ ಬೆಲೆ ಹೆಚ್ಚು. ಅಲ್ಲೇ 1908ರಲ್ಲಿ ದಮಾಸ್ಕಸ್ಸಿನಿಂದ ಬಂದು ತಲುಪಿದ ಹಿಜಾಜ್ ರೈಲಿನ ನಿಲ್ದಾಣವೂ ಇದೆ. ಸುಮಾರು 1,300 ಕಿ.ಮೀ. ಉದ್ದದ ಆ ಹಳಿಗೆ ಭಾರತದ ಮುಸ್ಲಿಮರೂ ಚಂದಾ ಕಳುಹಿಸಿದ್ದರು. ಒಂಟೆಯ ಸಾಲಿನಲ್ಲಿ ಸುಮಾರು 40 ದಿನ ಹಿಡಿಯುತ್ತಿದ್ದ ಪ್ರಯಾಣ ಕೆಲವೇ ದಿನಗಳಿಗೆ ಇಳಿಯಿತು. ಮೊದಲ ಮಹಾಯುದ್ಧದಲ್ಲಿ ಹಳಿ ಹಾಳಾಯಿತು. ನಿಲ್ದಾಣ ಈಗ ವಸ್ತುಸಂಗ್ರಹಾಲಯ.

ಮೆಕ್ಕಾದಲ್ಲಿ ಮಾತ್ರ ಹಳೆಯದನ್ನು ಹುಡುಕುವುದು ಕಷ್ಟ. ಲಕ್ಷಾಂತರ ಜನರಿಗೆ ಜಾಗ ಮಾಡಿಕೊಡಬೇಕಾದ ಒತ್ತಡ ಒಂದು ಕಡೆ. ಸಮಾಧಿ, ಸ್ಮಾರಕಗಳಿಗೆ ಜನ ಪೂಜೆ ಸಲ್ಲಿಸಿಯಾರೆಂಬ ಧಾರ್ಮಿಕ ಅಂಜಿಕೆ ಇನ್ನೊಂದು ಕಡೆ. ಈ ಎರಡರ ನಡುವೆ ಹಳೆಯ ಓಣಿಗಳು, ಮನೆಗಳು ಕರಗಿದವು. ಹದಿನೆಂಟನೆಯ ಶತಮಾನದ ಅಜ್ಯಾದ್ ಕೋಟೆಯನ್ನು 2002ರಲ್ಲಿ ಕೆಡವಿದಾಗ ತುರ್ಕಿ ದೇಶ ಬಹಿರಂಗವಾಗಿ ಪ್ರತಿಭಟಿಸಿತು. ಅದೇ ಜಾಗದಲ್ಲಿ ಈಗ 601 ಮೀಟರ್ ಎತ್ತರದ ಗಡಿಯಾರ ಗೋಪುರವಿದೆ. ಬೇರೆ ಬೇರೆ ನಾಡಿನವರು ತಮ್ಮ ಯಾತ್ರಿಕರಿಗಾಗಿ ಕಟ್ಟಿಸಿದ್ದ ‘ರುಬಾತ್’ ಎಂಬ ಛತ್ರಗಳೂ ಬಹಳಷ್ಟು ಹೋದವು. ಕೇರಳದ ತಲಶ್ಶೇರಿಯ ಕೇಯಿ ಮನೆತನದ ಛತ್ರ 1971ರಲ್ಲಿ ಮಸೀದಿಯ ವಿಸ್ತರಣೆಗೆ ಸೇರಿತು. ಹೈದರಾಬಾದಿನ ನಿಜಾಮರ ರುಬಾತಿನಲ್ಲಿ ಮಾತ್ರ ಹಳೆಯ ಸಂಸ್ಥಾನದ ಯಾತ್ರಿಕರಿಗೆ ಬಾಡಿಗೆಯಿಲ್ಲದ ವಸತಿ ಇತ್ತೀಚಿನ ವರ್ಷಗಳವರೆಗೂ ನಡೆದುಬಂದಿದೆ. ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೂ ಆ ಹಕ್ಕು ಸೇರಿದ್ದು ಸಂಸ್ಥಾನ ಹೋದ ಮೇಲೂ ಉಳಿದ ಋಣ.

ಬುತ್ತಿ ಕಟ್ಟಿದ ಕಾಲ

ಭಾರತದಿಂದ ಹಡಗಿನಲ್ಲಿ ಹಜ್ಜಿಗೆ ಹೋಗುವುದು 1995ಕ್ಕೆ ನಿಂತಿತು. ಅದಕ್ಕೆ ಮೊದಲು ಮುಂಬಯಿಗೆ ಹೋಗಿ ಹಡಗು ಹತ್ತುವವರು ಅಕ್ಕಿ, ಬೇಳೆ, ಉಪ್ಪಿನಕಾಯಿ, ಅಡುಗೆ ಪಾತ್ರೆಗಳನ್ನೆಲ್ಲ ಕಟ್ಟಿಕೊಂಡೇ ಹೊರಡುತ್ತಿದ್ದರು. ಮರಳಿ ಬರುವರೋ ಇಲ್ಲವೋ ಎಂದು ಸಾಲ ತೀರಿಸಿ, ಮುನಿದವರ ಬಳಿ ಕ್ಷಮೆ ಕೇಳಿ, ಊರೆಲ್ಲ ಬೀಳ್ಕೊಟ್ಟು ಹೋಗುವ ಯಾತ್ರೆ ಅದು. ವಿಮಾನದ ಕಾಲದಲ್ಲಿ ದಾರಿ ಗಂಟೆಗಳಿಗೆ ಇಳಿದಿದೆ. ಹೋಟೆಲು, ಮಸೀದಿ, ಅಂಗಡಿ ಸಾಲು ಇಷ್ಟರಲ್ಲೇ ದಿನಗಳು ಮುಗಿಯುತ್ತವೆ. ಗುಂಪಿನ ಏಜೆಂಟರು ಭಾರತದ ಅಡುಗೆಯವರನ್ನೇ ಕರೆದೊಯ್ಯುವುದರಿಂದ ಊಟವೂ ಊರಿನದೇ. ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ, ಆಕ್ಷೇಪಿಸುವಂತಿಲ್ಲ. ಆದರೆ ಒಂದು ಹೊತ್ತಾದರೂ ಹೊರಗೆ ಹೋಗಿ ತಮೀಸ್ ರೊಟ್ಟಿಯ ಸಾಲಿನಲ್ಲಿ ನಿಂತವನಿಗೆ ಮುಂದೆ ಒಬ್ಬ ನೈಜೀರಿಯದವನು, ಹಿಂದೆ ಒಬ್ಬ ಉಜ್ಬೆಕ್ ಸಿಗುತ್ತಾರೆ. ಭಾಷೆ ಬರದಿದ್ದರೂ ಬಿಸಿ ರೊಟ್ಟಿಯನ್ನು ಮುರಿದು ಹಂಚಿಕೊಳ್ಳಲು ಕಷ್ಟವಾಗದು.

ಹಜ್ಜಿನಲ್ಲಿ ಜನ ತಮಗೆ ಒಳಿತಾಗುವುದನ್ನೂ ಕಾಣಲಿ ಎಂಬ ಆಶಯ ಕುರ್‌ಆನಿನಲ್ಲೇ ಇದೆ. ಯಾತ್ರೆಯ ಕಾಲದಲ್ಲಿ ವ್ಯಾಪಾರ ಮಾಡಿದರೆ ತಪ್ಪಿಲ್ಲವೆಂದು ಧರ್ಮಪಂಡಿತರು ಒಪ್ಪಿದ್ದಾರೆ. ಹಾಗಿರುವಾಗ ಊರನ್ನು ಅರಿಯುವುದು ಭಕ್ತಿಗೆ ಅಡ್ಡಿಯಾಗಲಾರದು. ಕೋಟೆ ಕೆಡವಬಹುದು, ಛತ್ರ ಕೆಡವಬಹುದು. ಬುಖಾರದವನ ಅನ್ನವನ್ನೂ, ಯೆಮೆನಿಗನ ಮುತಬ್ಬಕ್ಕನ್ನೂ, ಹಿಂದೂಸ್ತಾನಿಯ ಲಾಡುವನ್ನೂ ಅಲ್ಲಿನ ಜನ ತಮ್ಮದೇ ಎಂದು ದಿನವೂ ಮಾಡಿ ತಿನ್ನುತ್ತಿದ್ದಾರೆ. ಹಾಜಿಗಳ ಮನೆಯಲ್ಲಿ ಖರ್ಜೂರ ಕೈಗಿಟ್ಟಾಗ, ಅದನ್ನು ಕೊಂಡ ಪೇಟೆ ಹೇಗಿತ್ತು, ಪಕ್ಕದಲ್ಲಿ ನಿಂತವರು ಯಾವ ದೇಶದವರು ಎಂದು ಒಂದು ಮಾತು ಕೇಳಿ ನೋಡಬಹುದು. ಹೇಳಲು ಅವರಿಗೂ ಆಸೆಯಿರುತ್ತದೆ.